ಬರಿದು ಮಾಡಿದ ಕಂಪ್ಯೂಟರ್

ಪ್ರೋಗ್ರಾಂ ಅಂತ ಒಂದು ಸಾಲನ್ನೂ ನಾನು ಬರೆದವಳಲ್ಲ. ಆದರೂ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಸಿ.ಡಿ.ಯೊಂದರಲ್ಲಿ, ಯಾರೂ ತೆರೆದು ನೋಡದ ಪುಟ್ಟ ಫೈಲಿನೊಳಗೆ, ನನ್ನ ಹೆಸರಿದೆ. ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ, ಸ್ವಲ್ಪ ಜಂಬ.

ಕಾರಣ, ಇಟ್ಟಮಡುವಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ರೇಣುಕಾ. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಮುಗಳನ್ನು ಲಿನಕ್ಸಿಗೆ ಹೊಂದುವಂತೆ ಪ್ಯಾಕೇಜ್ ಮಾಡುವುದು ಅವಳ ರಜಾದಿನದ ಹವ್ಯಾಸ. ಯಾವ ಫೈಲು ಎಲ್ಲಿ ಕೂರಬೇಕು, ಪ್ರೋಗ್ರಾಂ ನಡೆಯಲು ಜೊತೆಗೆ ಇನ್ನೇನು ಬೇಕು, ಎಲ್ಲವನ್ನೂ ಪಟ್ಟಿ ಮಾಡಬೇಕು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಹೊಲಿಗೆ ಪೆಟ್ಟಿಗೆಯ ಸೂಜಿಗಳಿಗೂ ಪಟ್ಟಿ ಬರೆಸುತ್ತಿದ್ದರು. ರೇಣುಕಾ ನನ್ನನ್ನೂ ಜೊತೆಗೆ ಸೇರಿಸಿಕೊಂಡಾಗ ನನಗೆ ಈ ಕೆಲಸ ಒಗ್ಗಿತು.

ನನ್ನ ಪಾಲಿಗೆ ಬಂದದ್ದು ಕನ್ನಡ ಟೈಪಿಂಗ್ ಕಲಿಸುವ ಪ್ರೋಗ್ರಾಂ. ಉತ್ತರಹಳ್ಳಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಗೆಳತಿ ಸರೋಜಾ ಅದಕ್ಕಾಗಿ ಕಾದಿದ್ದಳು. ಅಲ್ಲಿ ಯಾರೋ ಕೊಟ್ಟ ನಾಲ್ಕು ಹಳೆಯ ಕಂಪ್ಯೂಟರ್‌ಗಳಿದ್ದವು, ಇಂಟರ್ನೆಟ್ ಇರಲಿಲ್ಲ. ಹೊಸ ಸಿ.ಡಿ.ಯಲ್ಲಿ ಬಂದರೆ ಮಕ್ಕಳಿಗೆ ಉಂಟು, ಬರದಿದ್ದರೆ ಇಲ್ಲ. ಸಿ.ಡಿ. ಮಾಡುವವರಿಗೆ ಪ್ಯಾಕೇಜ್ ಕಳಿಸಲು ಶುಕ್ರವಾರ ಕೊನೆಯ ದಿನ.

ಗುರುವಾರ ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸೊಗಸಾಗಿ ನಡೆಯಿತು. ರೇಣುಕಾ ಮಾತ್ರ ರಜೆ ಹಾಕಿ, ತನ್ನ ಹಾಡು, ಫೋಟೊಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ತನ್ನ ಕಂಪ್ಯೂಟರನ್ನು ಹೊಸದರಂತೆ ಪೂರ್ತಿ ಬರಿದು ಮಾಡಿ, ಬರೀ ಲಿನಕ್ಸ್ ಹಾಕಿ, ನನ್ನ ಪ್ಯಾಕೇಜನ್ನು ಅದರಲ್ಲಿ ಕೂರಿಸಿ ನೋಡಿದಳು. ಅಕ್ಷರಗಳ ಜಾಗದಲ್ಲಿ ಸಾಲುಸಾಲು ಖಾಲಿ ಚೌಕಗಳು.

"ಆಂಟಿ, ಕನ್ನಡ ಫಾಂಟ್ ಬೇಕಂತ ಪಟ್ಟಿಯೊಳಗ ಬರದೇ ಇಲ್ಲಲ್ರೀ."

"ಅದು ಇದ್ದೇ ಇರುತ್ತಲ್ಲಮ್ಮಾ."

"ನಿಮ್ಮ ಕಂಪ್ಯೂಟರ್‌ನಾಗ ಐತ್ರೀ, ಹ್ವಾದ ವರ್ಷ ನಾನೇ ಹಾಕಿಕೊಟ್ಟಿದ್ದೆ. ಎಲ್ಲಾರ ಮನಿ ಮ್ಯಾಲೂ ನಾನೇ ಬಾಡಿಗಿಗಿ ಇರ್ತೀನೇನ್ರೀ?"

ನಗು ಬಂದರೂ ಮುಖ ಬಿಸಿಯಾಯಿತು. ವಸಂತಪುರದ ನಾದಿನಿ ನನ್ನಿಂದ ಬಿಸಿಬೇಳೆಬಾತ್ ಮಾಡುವ ವಿಧಾನ ಬರೆಸಿಕೊಂಡು ಹೋಗಿ, ಆಮೇಲೆ ಸಪ್ಪೆ ಎಂದು ದೂರಿದ್ದು ನೆನಪಾಯಿತು. ಅಮ್ಮ ಕಳಿಸಿದ ಪುಡಿ ನನ್ನ ಡಬ್ಬಿಯಲ್ಲಿ ಸದಾ ಇರುತ್ತಿತ್ತು; ಅದನ್ನೂ ಬರೆಯಬೇಕೆಂದು ಹೊಳೆದಿರಲಿಲ್ಲ. ನಮಗೆ ಯಾರ್ಯಾರು ಏನೇನು ಕೊಟ್ಟಿದ್ದಾರೆಂದು ಪಟ್ಟಿ ಮಾಡಲು ಕೂತರೆ, ಮರೆತುಹೋಗುವುದು ದಿನಾ ಬಳಸುವುದೇ.

ಪಟ್ಟಿಗೆ ಒಂದೇ ಸಾಲು ಸೇರಿಸಿದೆ. ರೇಣುಕಾ ಮತ್ತೆ ಎಲ್ಲ ಅಳಿಸಿ, ಮತ್ತೆ ಹಾಕಿದಳು. ಪರದೆಯ ಮೇಲೆ ಅ, ಆ, ಇ ದುಂಡಗೆ ಬಂದು ಕುಳಿತವು. ಶುಕ್ರವಾರ ಬೆಳಿಗ್ಗೆ ಕಳಿಸಿದೆವು.

ಸಿ.ಡಿ. ತಲುಪಿದ ಮೇಲೆ ಸರೋಜಾ ಶಾಲೆಯಿಂದ ಫೋನ್ ಮಾಡಿದಳು. "ಹಾಕಿದ ತಕ್ಷಣ ನಡೀತು ಕಣೇ, ಮಕ್ಕಳು ಕೀಬೋರ್ಡ್ ಬಿಡ್ತಾ ಇಲ್ಲ. ಇದರಲ್ಲಿ ನೀನು ಮಾಡಿದ್ದೇನು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಅದು ಹೊಗಳಿಕೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಮಹಡಿ ಹತ್ತಿ ಹೋಗಿ, ಆ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರೇಣುಕಾಳಿಗೆ ಕೊಟ್ಟುಬಂದೆ.