ಬಾವಲಿಯ ಬಾಯಲ್ಲಿ ಸಿಕ್ಕಿದ್ದು

ಕಾಡುಬಾವಲಿಗಳ ಮೈಯಲ್ಲಿ ಯಾವ ಯಾವ ವೈರಸ್‌ಗಳಿವೆ ಎಂದು ಹುಡುಕುವುದು ತಂಗಿಯ ಕೆಲಸ. ಹಿಡಿದ ಬಾವಲಿಗಳನ್ನು ತುಸು ಹೊತ್ತು ಇಟ್ಟುಕೊಳ್ಳಲು ಹತ್ತಿಬಟ್ಟೆಯ ಚೀಲ ಹೊಲಿದುಕೊಡುವುದು ಅಕ್ಕನ ಕೆಲಸ. ತಾಯಿ ತೀರಿಕೊಂಡ ಮೇಲೆ ಅಕ್ಕನೇ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದ್ದಳು. ಓದಿ ಓದಿ ಕೊನೆಗೆ ಇವಳು ಬಾವಲಿ ಹಿಡಿಯುವವಳಾದಳಲ್ಲ ಎಂಬ ಸಂಕಟ ಅವಳಿಗೆ ಒಳಗೊಳಗೇ ಇತ್ತು.

"ಅಕ್ಕಾ, ಒಳಗಡೆ ಒಂದು ಎಳೆಯೂ ಜೋತಾಡಬಾರ್ದು. ಉಗುರು ಸಿಕ್ಕಿಹಾಕಿಕೊಳ್ಳುತ್ತೆ."

"ನನ್ನ ಗಿರಾಕಿಗಳೇ ಇಷ್ಟು ತಕರಾರು ತೆಗೆಯಲ್ಲ ಕಣೇ! ಕಾಲರ್ ಇಡಲಾ, ಕಾಜಾ ಹಾಕಲಾ, ಅದನ್ನೂ ಹೇಳಿಬಿಡು," ಎಂದು ಗೊಣಗುತ್ತಲೇ ಅಕ್ಕ ಹೊಲಿಗೆಯನ್ನು ಮಡಚಿ ಮತ್ತೊಮ್ಮೆ ಹೊಡೆಯುತ್ತಿದ್ದಳು.

ಊರಾಚೆ ಮುಚ್ಚಿಹೋದ ನೂಲಿನ ಗಿರಣಿಯೊಂದಿತ್ತು. ಅದರ ಸೂರಿನಡಿ ಹುಳುಹುಪ್ಪಟೆ ತಿನ್ನುವ ಪುಟ್ಟ ಬಾವಲಿಗಳು ಬೀಡುಬಿಟ್ಟಿದ್ದವು. ಸಂಜೆ ಅವು ಹೊರಬೀಳುವ ಕಿಂಡಿಯೆದುರು ತಂಗಿ ಬಲೆ ಕಟ್ಟುತ್ತಿದ್ದಳು. ಕೈಗವಸು, ಮಾಸ್ಕ್ ಹಾಕಿಕೊಂಡು, ಒಂದೊಂದರ ಬಾಯೊಳಗೂ ಹತ್ತಿಕಡ್ಡಿ ಆಡಿಸಿ, ಚೀಲದಲ್ಲಿ ಬಿದ್ದ ಹಿಕ್ಕೆಯನ್ನು ಶೀಶೆಗೆ ಹಾಕಿ, ಹಾರಿಸಿಬಿಡುತ್ತಿದ್ದಳು. ಪ್ರಯೋಗಾಲಯದಲ್ಲಿ ಆ ಮಾದರಿಗಳಿಂದ ಡಿಎನ್‌ಎ ತೆಗೆದು ಯಂತ್ರಕ್ಕೆ ಕೊಟ್ಟರೆ, ಅದು ಓದಿದ್ದನ್ನು ಕಂಪ್ಯೂಟರ್ ಜಗತ್ತಿಗೆ ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸಿ ನೋಡುತ್ತಿತ್ತು.

ಒಂದು ದಿನ ಹಿಕ್ಕೆಯಲ್ಲಿ ಸಿಕ್ಕ ತುಣುಕೊಂದು ಯಾವುದಕ್ಕೂ ಸರಿಯಾಗಿ ಹೊಂದಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡಮೇಡಂ ಎನ್ನುತ್ತಿದ್ದವರು, ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಹೊಸದಿರಬಹುದು ಕಣಮ್ಮ," ಎಂದರು. ವಾರ ಕಳೆಯುವುದರೊಳಗೆ ಅದರ ಮೇಲೊಂದು ಸಾರಾಂಶ ಬರೆದು ವಿಜ್ಞಾನಿಗಳ ಸಮ್ಮೇಳನಕ್ಕೆ ಕಳಿಸಿಯೂ ಬಿಟ್ಟರು. ತಂಗಿ ಖುಷಿ ತಡೆಯಲಾರದೆ ಅಕ್ಕನ ಹತ್ತಿರ ಬಾಯಿಬಿಟ್ಟಳು. ಮುಗಿಯಿತಲ್ಲ, ರವಿಕೆ ಅಳತೆ ಕೊಡಲು ಬಂದವರಿಗೆಲ್ಲ ಸುದ್ದಿ ಮುಟ್ಟಿತು.

ಆದರೆ ತಂಗಿಗೆ ಒಂದು ಅನುಮಾನ ಕೊರೆಯುತ್ತಲೇ ಇತ್ತು. ಹಿಕ್ಕೆಯಲ್ಲಿರುವುದು ಬಾಯಲ್ಲಿ ಏಕಿಲ್ಲ? ಆ ವೈರಸ್ಸಿನ ಡಿಎನ್‌ಎ ಪೂರ್ತಿ ಓದಿ ಬಂದಾಗ ಉತ್ತರ ಸಿಕ್ಕಿತು. ಅದರ ಹತ್ತಿರದ ಬಂಧುಗಳೆಲ್ಲ ಪತಂಗಗಳಲ್ಲಿರುವ ವೈರಸ್‌ಗಳು. ಅದೇ ಹಿಕ್ಕೆಯಲ್ಲಿ ಪತಂಗದ ಡಿಎನ್‌ಎ ಕೂಡ ಇತ್ತು. ಬಾವಲಿ ಊಟಕ್ಕೆ ತಿಂದ ಹುಳುವಿನ ವೈರಸ್ಸನ್ನು ಇವರು ಬಾವಲಿಯ ತಲೆಗೆ ಕಟ್ಟಿದ್ದರು.

ಹೇಳದಿದ್ದರೂ ಸದ್ಯಕ್ಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅರ್ಧ ದಿನ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದಳು. ಆಮೇಲೆ ಹೋಗಿ ದೊಡ್ಡಮೇಡಂ ಮುಂದೆ ನಿಂತು ಎಲ್ಲ ಹೇಳಿದಳು. ಅವರ ಮುಖ ಇಳಿಯಿತು. ಪರದೆಯಲ್ಲಿದ್ದುದನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಓದಿದರು.

"ಆತುರ ಬಿದ್ದವಳು ನಾನು," ಎಂದರು ಕೊನೆಗೆ. "ಸಾರಾಂಶ ವಾಪಸ್ ತಗೊಳ್ಳೋಣ. ಇನ್ಮೇಲೆ ಬಾಯಲ್ಲಿ ಸಿಕ್ಕಿದ್ದನ್ನ ಮೊದಲು ನೋಡೋಣ."

ಮನೆಯಲ್ಲಿ ಅಕ್ಕನಿಗೆ ಸಮಾಧಾನ ಹೇಳುವುದೇ ಕಷ್ಟವಾಯಿತು. "ಬೀದಿಗೆಲ್ಲ ಹೇಳಿಕೊಂಡು ಬಂದಿದೀನಲ್ಲೇ, ಈಗ ಯಾವ ಮುಖ ಹೊತ್ತು ಕತ್ತರಿ ಹಿಡೀಲಿ?" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ತಂಗಿ ಊಟ ಬಿಟ್ಟು ಎದ್ದಿದ್ದು ಕಂಡಮೇಲೆ ದನಿ ತಗ್ಗಿತು. "ಹೋಗಲಿ ಬಿಡು. ಅಳತೆ ತಪ್ಪಿದ್ರೆ ಬಿಚ್ಚಿ ಹೊಲಿಯೋದು ನನಗೇನು ಹೊಸದಾ? ಬಾ, ಉಣ್ಣು."

ಮುಂದಿನ ಸಲ ಗಿರಣಿಗೆ ಹೊರಟಾಗ ಅಕ್ಕ ತಾನೂ ಬರುತ್ತೇನೆಂದಳು. ತಂಗಿ ಅವಳನ್ನು ಹೊರಗೆ, ಬಲೆಯಿಂದ ದೂರವೇ ಕೂರಿಸಿದಳು. ಆ ಸಂಜೆ ಬಲೆಗೆ ಬಿದ್ದವುಗಳಲ್ಲಿ ಒಂದು ತಾಯಿ ಬಾವಲಿ. ಎದೆಗೆ ಮರಿ ಅಂಟಿಕೊಂಡಿತ್ತು. ತಂಗಿ ದೀಪದ ಬೆಳಕಿನಲ್ಲಿ ಎತ್ತಿ ತೋರಿಸಿದಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕತ್ತು ಚಾಚಿದಳು.

"ಅಯ್ಯೋ, ಬಾಣಂತಿ ಕಣೇ! ಅದರ ಬಾಯಿಗೆ ಕಡ್ಡಿ ಹಾಕಬೇಡ."

"ಹಾಕಲ್ಲ ಅಕ್ಕಾ. ಮರಿ ಇದ್ರೆ ಹಾಗೇ ಬಿಟ್ಟುಬಿಡ್ತೀವಿ," ಎಂದು ತಂಗಿ ಅದನ್ನು ಗೋಡೆಗೆ ಹತ್ತಿಸಿದಳು. ಮರಿಯನ್ನು ಹೊತ್ತುಕೊಂಡೇ ಅದು ಸರಸರನೆ ಮೇಲೇರಿತು.

ಆ ಬಾರಿ ಹಲವು ಬಾವಲಿಗಳ ಬಾಯಲ್ಲಿ ಒಂದೇ ವೈರಸ್ ಸಿಕ್ಕಿತು. ಮನುಷ್ಯರಿಗೆ ನೆಗಡಿ, ಕೆಂಗಣ್ಣು ತರುವ ಅಡೆನೊವೈರಸ್‌ಗಳ ಕುಟುಂಬದ್ದೇ. ಆದರೆ ಅದರ ಜೀನ್‌ಗಳನ್ನು ಇಟ್ಟು ವಂಶವೃಕ್ಷ ಬರೆದರೆ, ಅದು ತನ್ನದೇ ಕೊಂಬೆ ಚಾಚಿಕೊಂಡು ದೂರ ನಿಲ್ಲುತ್ತಿತ್ತು. ತಂಗಿ ಮತ್ತೆ ಮಾದರಿ ತಂದಳು, ಮತ್ತೆ ಓದಿಸಿದಳು. ಹುಳುವಿನ ಸುಳಿವು ಎಲ್ಲೂ ಇರಲಿಲ್ಲ. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ, ವೈರಸ್‌ಗಳನ್ನು ವರ್ಗೀಕರಿಸುವ ಸಮಿತಿ ಅದನ್ನು ಹೊಸ ಪ್ರಭೇದವೆಂದು ಒಪ್ಪಿಕೊಂಡಿತು.

"ಇದು ನಮಗೂ ಬರುತ್ತಾ?" ಅಕ್ಕ ಕೇಳಿದ ಮೊದಲ ಪ್ರಶ್ನೆ.

"ಬಂದಿದ್ದು ಎಲ್ಲೂ ಕಂಡಿಲ್ಲ. ಬಾವಲಿಗಳೂ ಆರಾಮಾಗೇ ಇವೆ. ಅವುಗಳ ಗೂಡು ಕೆದಕದೆ ನಮ್ಮ ಪಾಡಿಗೆ ನಾವಿದ್ರೆ ಸಾಕು."

"ಏನು ಹೆಸರಿಟ್ರು?"

"ಬಾವಲಿ ಹೆಸರಿನ ಮುಂದೆ ಒಂದು ನಂಬರು."

"ಕಷ್ಟಪಟ್ಟು ಹುಡುಕಿದವಳು ನೀನು, ಹೆಸರು ಬಾವಲಿದಾ!"

"ನಿನ್ನ ತಂಗಿ ಹೆಸರು ರೋಗದ ಪುಸ್ತಕದಲ್ಲಿ ಇರಬೇಕಾ?"

"ಅದೂ ಹೌದು ಅನ್ನು. ನಂಬರೇ ಇರಲಿ," ಎಂದು ಅಕ್ಕ ನಕ್ಕು, ಸೂಜಿಗೆ ದಾರ ಪೋಣಿಸತೊಡಗಿದಳು.