ರೊಗಾಟಾ ಒಪ್ಪಿಸಿದ ವಚನ

ಕಾರ್ಥೇಜಿನ ಬಂದರು ಕೇರಿಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದ ರೊಗಾಟಾಳ ಬಾಯಿಗೆ ಹೆದರದವರಿರಲಿಲ್ಲ. ಅಂಥವಳು ಪಾಸ್ಕ ಹಬ್ಬದಂದು ಕ್ರೈಸ್ತ ದೀಕ್ಷಾಸ್ನಾನ ಪಡೆಯಲೆಂದು ಅದಕ್ಕೆ ಮುಂಚಿನ ನಲವತ್ತು ದಿನ ಉಪವಾಸವಿದ್ದಳು, ಮೈತೊಳೆಯುವುದನ್ನು ಬಿಟ್ಟಳು, ಬರಿಗಾಲಲ್ಲಿ ಮೇಕೆಚರ್ಮದ ಮೇಲೆ ನಿಂತು ತನ್ನೊಳಗಿನ ಸೈತಾನನನ್ನು ಓಡಿಸಲು ಪಾದ್ರಿಗಳು ಬೈದ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದಳು. ಎಲ್ಲ ಮಗನಿಗಾಗಿ. ಒಬ್ಬನೇ ಮಗ ಮಿಗ್ಗಿನ್ ದೀಕ್ಷಾಸ್ನಾನ ಪಡೆದ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದ. ಆ ನೀರಿಗಿಳಿಯದೆ ಸತ್ತರೆ ಅವನಿರುವ ಕಡೆ ತನಗೆ ಬಾಗಿಲು ತೆರೆಯುವುದಿಲ್ಲವೆಂಬ ಭಯ ಅವಳಿಗೆ. ವಯಸ್ಸು ಎಪ್ಪತ್ತು ದಾಟಿತ್ತು, ಕೆಮ್ಮು ಬಿಡುತ್ತಿರಲಿಲ್ಲ.

ಉಳಿದಿದ್ದು ವಿಶ್ವಾಸದ ವಚನವನ್ನು ಸಭೆಯ ಮುಂದೆ ಬಾಯಿಪಾಠ ಒಪ್ಪಿಸುವುದೊಂದೇ. ಅದನ್ನು ಬರೆದಿಡುವಂತಿಲ್ಲ, ಕ್ರೈಸ್ತರಲ್ಲದ ಹೊರಗಿನವರ ಕಿವಿಗೆ ಬೀಳಿಸುವಂತಿಲ್ಲ. ಬೀಸುಕಲ್ಲಿನ ಸದ್ದಿನಲ್ಲಿ ಗುನುಗಿಕೊಂಡರೆ ಯಾರಿಗೆ ಕೇಳೀತು ಎಂದುಕೊಂಡಳು ಮುದುಕಿ. ಒಂದು ಬೆಳಿಗ್ಗೆ ನಡುವೆ ತಡವರಿಸಿದಳು.

"ಮೂರನೇ ದಿನ ಎದ್ದ ಅಂತ ಬರುತ್ತೆ, ಅತ್ತೆ," ಎಂದಳು ಒಲೆಯ ಮುಂದಿದ್ದ ವಿಧವೆ ಸೊಸೆ ಸೈದಾ. ಅವಳಿನ್ನೂ ಊರ ಹಳೆಯ ದೇವತೆಗೇ ಕೈಮುಗಿಯುವವಳು.

"ಮುಚ್ಚೇ ಬಾಯಿ! ಯಾರೇ ಹೇಳ್ಕೊಟ್ಟಿದ್ದು?"

"ನೀವೇ. ದಿನಾ ಗೊಣಗ್ತಾ ಇದ್ರೆ ಕಿವೀಗೇನು ಹತ್ತಿ ತುರುಕ್ಕೊಳ್ಲಾ?"

ರೊಗಾಟಾ ಬೀಸುಕಲ್ಲು ಬಿಟ್ಟೆದ್ದು ಅಗಸರ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವಳು ದೀಕ್ಷೆಗೆ ಯೋಗ್ಯಳೆಂದು ಸಭೆಗೆ ಜಾಮೀನು ನಿಂತಿದ್ದ ಅಗಸರ ಡೊನಾಟಾ, "ಉಸಿರೆತ್ತಬೇಡ ರೊಗಾಟಕ್ಕಾ, ನನ್ನ ಮಾನಾನೂ ಹೋಗುತ್ತೆ," ಎಂದು ಗದರಿದಳು.

ಪಾಸ್ಕದ ಹಿಂದಿನ ದಿನ ರೊಗಾಟಾ ಸಭೆಯ ಮುಂದೆ ಮೆಟ್ಟಿಲೇರಿ ನಿಂತಳು. ಒಂದಕ್ಷರ ತಪ್ಪದೆ ಒಪ್ಪಿಸಿದಳು. ಬಿಷಪರು ಎಲ್ಲರನ್ನೂ ಕೇಳಿದಂತೆ ಅವಳನ್ನೂ ಕೇಳಿದರು:

"ಹೊರಗಿನವರ ಕಿವಿಗೆ ಬಿದ್ದಿಲ್ಲ ತಾನೆ, ತಾಯಿ?"

ಇಲ್ಲ ಎಂದರೆ ಮುಗಿಯಿತು. ನಾಳೆ ಬೆಳಕು ಹರಿಯುವಷ್ಟರಲ್ಲಿ ನೀರು, ಬಿಳಿಬಟ್ಟೆ, ಮಗ. ಹಿಂದಿನಿಂದ ಡೊನಾಟಾ ಸೆರಗು ಜಗ್ಗಿದಳು. ಮುದುಕಿ ಸೆರಗು ಬಿಡಿಸಿಕೊಂಡಳು.

"ಬಿದ್ದಿದೆ, ಸ್ವಾಮಿ. ನನ್ನ ಸೊಸೆ ಕಲಿತುಬಿಟ್ಟಿದಾಳೆ. ನಾನು ಮರೆತಾಗ ಅವಳೇ ತಿದ್ದಿದ್ದು."

ಸಭೆಯಲ್ಲಿ ಗುಜುಗುಜು ಎದ್ದಿತು. ಬಿಷಪರು ಕೈಯೆತ್ತಿ ಗದ್ದಲ ಅಡಗಿಸಿದರು.

"ಈ ವರ್ಷ ಆಗಲ್ಲ, ತಾಯಿ. ಬರೋ ಪಾಸ್ಕಕ್ಕೆ ಬಾ. ಅವಳು ಒಪ್ಪಿದ್ರೆ ಅವಳನ್ನೂ ಕರ್ಕೊಂಡು ಬಾ."

ಹೊರಗೆ ಬಂದದ್ದೇ ಡೊನಾಟಾ ಹರಿಹಾಯ್ದಳು. "ಒಂದು ವರ್ಷ ಬದುಕಿರ್ತೀಯೇನೇ ನೀನು? ಮಗನ ಮುಖ ನೋಡೋದು ಬೇಡ್ವಾ?"

ರೊಗಾಟಾಳಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡಳು.

"ಬೇಕು ಕಣೇ. ಆದ್ರೆ ಹೋದ ತಕ್ಷಣ ಅವನು ಕೇಳೋದು ನನ್ನನ್ನಲ್ಲ. 'ಸೈದಾ ಎಲ್ಲಿ, ಅಮ್ಮಾ?' ಅಂತಾನೆ."