ನಾನು ಹೊಡೆದುಹಾಕಿದ ‘ಟಿ’

ಇಪ್ಪತ್ತೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಇಷ್ಟು ಕಾಲದಲ್ಲಿ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಎಷ್ಟು ಅಕ್ಷರ, ಎಷ್ಟು ಸಾಲು ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಅದರಿಂದ ಯಾರಿಗೂ ಏನೂ ಆದ ಹಾಗೆ ಕಾಣಲಿಲ್ಲ. ಹೋದ ವರ್ಷ ಒಂದು ಕಡೆ ಒಂದೇ ಒಂದು ಅಕ್ಷರವನ್ನು ಹೊಡೆದುಹಾಕಿದೆ. ಹರಿಹರದಲ್ಲಿ ಒಂದು ಲಾರಿ ನಿಂತುಹೋಯಿತು.

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯವರು ರುದ್ರಣ್ಣ. ಹರಿಹರದಲ್ಲಿ ಹೆದ್ದಾರಿಯ ಪಕ್ಕ ಅವರದೊಂದು ಶೆಡ್ಡು ಇದೆ. ಲಾರಿಯ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಅವರ ಕಸುಬು. ನನ್ನ ಕಾಲೇಜೂ ಹರಿಹರದಲ್ಲೇ ಇರುವುದರಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಇಬ್ಬರೂ ಹೋಗುತ್ತೇವೆ. ನಾನು ಕಿಟಕಿ ಪಕ್ಕ ಕೂತು ಕವಿಗಳನ್ನು ನೆನೆಯುತ್ತೇನೆ, ಅವರು ಬಸ್ಸಿನ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ.

ಒಂದು ಭಾನುವಾರ ಅವರು ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್ ಹಿಡಿದು ಬಂದರು.

“ಅಕ್ಕೋರೇ, ನಿಮ್ಮ ಅಕ್ಷರ ಗುಂಡಗೆ ಅದಾವೆ. ಇದನ್ನ ಒಂದು ದೊಡ್ಡ ಹಾಳಿ ಮ್ಯಾಲೆ ದಪ್ಪಗೆ ಬರದು ಕೊಡ್ರಿ. ಶೆಡ್ಡಿನ ಗ್ವಾಡಿಗೆ ಹಚ್ತೀನಿ. ಹೊಸ ಫಿಟ್ಟರು ಮಂಜಣ್ಣ ಟ್ರ್ಯಾಕ್ಟರ್ ಕೆಲಸದಿಂದ ಬಂದಾನೆ. ಲಾರಿ ಎಂಜಿನ್ ಹೆಸರು ಒಂದಕ್ಕೊಂದು ಕಲಸಿಬಿಡ್ತಾನೆ.”

ದಪ್ಪ ಅಕ್ಷರ ಮಂಜಣ್ಣನಿಗಿಂತ ರುದ್ರಣ್ಣನಿಗೇ ಬೇಕಾಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಎಂಜಿನ್ನುಗಳಿಗೆ ಹೆಸರಿರುತ್ತದೆ ಎಂಬ ಸುದ್ದಿಗೇ ನಾನು ಮರುಳಾಗಿ ಕೂತಿದ್ದೆ.

“ಹೆಸರಿನಾಗೇ ಎಲ್ಲಾ ಐತ್ರಿ,” ಎಂದರು ರುದ್ರಣ್ಣ. “495 ಅಂದ್ರೆ ನಾಕು ಸಿಲಿಂಡರು, ಒಂದೊಂದರ ಬಾಯಿ ತೊಂಬತ್ತೈದು ಮಿಲಿಮೀಟರ್ ಅಗಲ. 695 ಅಂದ್ರೆ ಬಾಯಿ ಅಷ್ಟೇ, ಸಿಲಿಂಡರು ಆರು. ಅಣ್ಣ ತಮ್ಮ ಇದ್ದಂಗೆ. ಇವನ ಪಿಸ್ಟನ್ ಅವನಿಗೂ ಆಗ್ತೈತೆ.”

ನನಗೆ ರೋಮಾಂಚನವಾಯಿತು. ಮನುಷ್ಯರ ಹೆಸರಿನಲ್ಲಿ ಇಂಥ ಪ್ರಾಮಾಣಿಕತೆ ಎಲ್ಲಿದೆ? ನಮ್ಮ ಓಣಿಯ ಶಾಂತಮ್ಮ ನಲ್ಲಿ ನೀರು ಬಂದ ದಿನ ಬಾಯಿ ತೆರೆದರೆ ರೈಲ್ವೆ ಗೇಟಿನವರೆಗೆ ಕೇಳುತ್ತದೆ. ನನ್ನ ಹಾಜರಿ ಪುಸ್ತಕದಲ್ಲಿ ಮೂವರು ಬಸವರಾಜರು ಇದ್ದರು: ಬಸವರಾಜ ಕೆ., ಬಸವರಾಜ ಕೆ.ಎಂ., ಬಸವರಾಜ ಕೆ.ಎಂ.ಎಸ್. ಮೊದಲನೆಯವನು ಪದ್ಯ ಬರೆಯುತ್ತಿದ್ದ, ಎರಡನೆಯವನು ಕಬಡ್ಡಿ ಆಡುತ್ತಿದ್ದ, ಮೂರನೆಯವನನ್ನು ನಾನು ನೋಡಲೇ ಇಲ್ಲ. ಹೆಸರಿನ ಬಾಲದಲ್ಲಿ ಒಂದಕ್ಷರ ಹೆಚ್ಚಾದರೆ ಬೇರೆಯೇ ಒಬ್ಬ ಮನುಷ್ಯ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ.

ರುದ್ರಣ್ಣನ ನೋಟ್‌ಬುಕ್ಕಿನಲ್ಲಿ 695 ಎಂದು ಒಂದು ಸಾಲು ಇತ್ತು. ಅದರ ಕೆಳಗೆ 695 ಟಿ ಎಂದು ಇನ್ನೊಂದು ಸಾಲು. ಸಿಲಿಂಡರು ಆರು, ಆರು. ಅಗಲ ತೊಂಬತ್ತೈದು, ತೊಂಬತ್ತೈದು. ಉದ್ದವೂ ಒಂದೇ. ಕೊನೆಯ ಖಾನೆಯಲ್ಲಿ ಮಾತ್ರ ಎಣ್ಣೆಯ ಕಲೆಯ ಕೆಳಗೆ ಏನೋ ಗೀಚಿತ್ತು. ಅಲಂಕಾರಶಾಸ್ತ್ರದವರು ಹೇಳಿದ ಕಾವ್ಯದೋಷಗಳಲ್ಲಿ ಪುನರುಕ್ತಿಯೂ ಒಂದು. ಹೇಳಿದ್ದನ್ನೇ ಮತ್ತೆ ಹೇಳಬಾರದು. ನಾನು ‘ಟಿ’ಯನ್ನು ಹೊಡೆದುಹಾಕಿ, ಎರಡು ಸಾಲನ್ನು ಒಂದು ಮಾಡಿ, ಉಳಿದ ಜಾಗದಲ್ಲಿ ಒಂದು ಬಳ್ಳಿಯ ಚಿತ್ರ ಬರೆದೆ. ರುದ್ರಣ್ಣ ಪಟ್ಟಿಯನ್ನು ತೋಳಿನಷ್ಟು ದೂರ ಹಿಡಿದು ನೋಡಿ, “ಭಾಳ ಚಂದ ಆಗೈತ್ರಿ” ಎಂದು ಸುತ್ತಿಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಒಂದು ವಾರ ರುದ್ರಣ್ಣ ಬಸ್ಸಿಗೆ ಬರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಮಾತಾಡಿಸಿದರೆ “ಹೂಂ” ಎನ್ನುತ್ತಿದ್ದರು. ಅವರ ಹೆಂಡತಿ ಗೌರಮ್ಮ ನನ್ನನ್ನು ಹಿತ್ತಲಿಗೆ ಕರೆದು, “ಶೆಡ್ಡು ಮುಚ್ತೀನಿ ಅಂತ ಕುಂತಾರ್ರಿ. ಯಾಕ ಅಂದ್ರೆ ಬಾಯಿ ಬಿಡವಲ್ರು. ನೀವು ಹೆಂಗೂ ಹರಿಹರಕ್ಕೆ ಹೋಗ್ತೀರಿ, ಒಂಚೂರು ಕೇಳ್ಕಂಡು ಬರ್ರಿ” ಎಂದರು.

ಕಾಲೇಜು ಬಿಟ್ಟ ಮೇಲೆ ಶೆಡ್ಡಿಗೆ ಹೋದೆ. ಟಾರ್ಪಾಲು ಹೊದಿಸಿದ ಎಂಜಿನ್ನಿನ ಪಕ್ಕ ಮಂಜಣ್ಣ ಒಬ್ಬನೇ ಕೂತಿದ್ದ. ನಡೆದದ್ದನ್ನು ಅವನೇ ಹೇಳಿದ. ಹದಡಿಯ ಕೊಟ್ರೇಶಿಯ ಲಾರಿಯ ಎಂಜಿನ್ ಅದು, 695 ಟಿ. ‘ಟಿ’ ಅಂದರೆ ಟರ್ಬೊ. ಗಾಳಿಯನ್ನು ಒತ್ತಿ ತುಂಬುವ ಎಂಜಿನ್. ಒತ್ತಿ ತುಂಬಿದರೆ ಕಾವು ಹೆಚ್ಚು. ಪಿಸ್ಟನ್ನುಗಳನ್ನು ತಣ್ಣಗಿಡಲು ಕೆಳಗಿನಿಂದ ಎಣ್ಣೆ ಚಿಮ್ಮುವ ಸಣ್ಣ ಜೆಟ್‌ಗಳಿರುತ್ತವೆ. ಆ ಜೆಟ್ಟಿಗೆ ತಗಲದಂತೆ ಪಿಸ್ಟನ್ನಿನ ಕೆಳ ಅಂಚಿನಲ್ಲಿ ಒಂದು ಕಚ್ಚು ಕೊರೆದಿರುತ್ತಾರೆ. ಬರೀ 695ರಲ್ಲಿ ಜೆಟ್ಟೂ ಇಲ್ಲ, ಕಚ್ಚೂ ಇಲ್ಲ. ಹೋಲಿಸಿ ನೋಡೋಣವೆಂದರೆ ಹಳೆಯ ಪಿಸ್ಟನ್ನುಗಳು ಒಡೆದು ಆಗಲೇ ಗುಜರಿ ಸೇರಿದ್ದವು.

“ನಾನು ಗ್ವಾಡಿ ನೋಡಿ ಚೀಟಿ ಬರದೆ ಮೇಡಂ, 695 ಅಂತ. ಯಜಮಾನ್ರು ದಾವಣಗೆರೆಯಿಂದ ಡಬ್ಬಿ ತಂದ್ರು. ಎಲ್ಲಾ ಕಟ್ಟಿ ಕೈಲೆ ತಿರುಗಿಸಿದ್ವಿ. ಅರ್ಧಕ್ಕೆ ಕಟಕ್ ಅಂತು. ಒಂದು ಜೆಟ್ ಮಣೀತು, ಒಂದು ಪಿಸ್ಟನ್ ಚಕ್ಕೆ ಎದ್ತು. ಡಬ್ಬಿ ಮ್ಯಾಲೆ ಟಿ ಇದ್ದಂಗೆ ಕಂಡಿತ್ತಂತೆ ಯಜಮಾನ್ರಿಗೆ. ಆಮ್ಯಾಲೆ ನೋಡಿದ್ರೆ ಇಲ್ಲ. ‘ನನ್ನ ಕಣ್ಣು ಹೋದ್ವು ಮಂಜ, ಇನ್ನು ಮಂದಿ ಎಂಜಿನ್ ಕೆಡಿಸಬಾರ್ದು’ ಅಂದು ಎದ್ದು ಹೋದ್ರು.”

ನಾನು ಗೋಡೆಯ ಕಡೆ ನೋಡಿದೆ. ಪಟ್ಟಿಯಲ್ಲಿ ನನ್ನ ಅಕ್ಷರ ಬಹಳ ಚೆನ್ನಾಗಿತ್ತು. ಬಳ್ಳಿಯೂ ಚೆನ್ನಾಗಿತ್ತು.

ಆಗಲೇ ಹೋಗಿ ಹೇಳಬೇಕಾಗಿತ್ತು. ಮೊದಲ ದಿನ ಅವರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಲಿಲ್ಲ. ಎರಡನೆಯ ದಿನ ನೆಂಟರು ಹೋದ ಬೇಸರದಲ್ಲಿರಬಹುದೆಂದು ಹೇಳಲಿಲ್ಲ. ಮೂರನೆಯ ದಿನ ನೆಪ ಸಿಗದೆ ಉತ್ತರಪತ್ರಿಕೆ ತಿದ್ದುತ್ತ ಕೂತೆ. ‘ಇಲ್ಲಿ ಕವಿ ಏನನ್ನು ಹೇಳಬಯಸಿದ್ದಾನೆ?’ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ ‘ನನಗೆ ತಿಳಿಯಲಿಲ್ಲ’ ಎಂದು ಬರೆದಿದ್ದಳು. ಹಾಗೆ ಹೇಳುವುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಪೆನ್ನು ಮುಚ್ಚಿಟ್ಟು ಎದ್ದೆ.

ರುದ್ರಣ್ಣ ಕಟ್ಟೆಯ ಮೇಲೇ ಇದ್ದರು. ಮುಂದಿದ್ದ ಮೊರದಲ್ಲಿ ಶೇಂಗಾ ಬೀಜಕ್ಕಿಂತ ಸಿಪ್ಪೆ ಹೆಚ್ಚಿತ್ತು.

“ರುದ್ರಣ್ಣಾರೇ, ತಪ್ಪು ನಿಮ್ಮ ಕಣ್ಣಿಂದಲ್ಲ. ಪಟ್ಟಿಯಲ್ಲಿ ಟಿ ಸಾಲನ್ನು ತೆಗೆದುಹಾಕಿದವಳು ನಾನು.”

ಅವರ ಕೈ ನಿಂತಿತು. “ಯಾಕ್ರಿ?”

“ಪುನರುಕ್ತಿ ಅಂತ.”

“ಹಂಗಂದ್ರೆ?”

“ಹೇಳಿದ್ದನ್ನೇ ಮತ್ತೆ ಹೇಳೋದು. ಬರವಣಿಗೆಯಲ್ಲಿ ಅದು ದೋಷ.”

ರುದ್ರಣ್ಣ ಕೈಯಲ್ಲಿದ್ದ ಶೇಂಗಾ ಬಿಡಿಸಿ ಬೀಜವನ್ನು ಮೊರಕ್ಕೆ ಹಾಕಿದರು. ಆಮೇಲೆ ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, “ಎಂಜಿನ್ನಾಗ ಎಲ್ಲಾ ಆರಾರು ಸಲ ಹೇಳಿರ್ತಾರ್ರಿ, ಅಕ್ಕೋರೇ. ಆರು ಪಿಸ್ಟನ್ನು, ಆರು ಜೆಟ್ಟು, ಹನ್ನೆರಡು ವಾಲ್ವು. ಒಂದು ಸಲ ಕಮ್ಮಿ ಹೇಳಿದ್ರೂ ಗಾಡಿ ಓಡಂಗಿಲ್ಲ” ಎಂದರು.

ನಾನು ಕ್ಷಮೆ ಕೇಳಿದೆ. ಅವರು ತಲೆ ತಗ್ಗಿಸಿದರು.

“ನಿಮ್ಮದೊಂದೇ ಅಲ್ಲ ಬಿಡ್ರಿ. ಎಂಜಿನ್ ಬ್ಲಾಕಿನ ಮ್ಯಾಲೆ ಹೊಡೆದಿರೋ ನಂಬರು ನನಗೆ ಕಾಣದೆ ವರ್ಷಾತು. ಬೆರಳಾಡಿಸಿ ಓದ್ತಿದ್ದೆ. ಅವತ್ತು ಕೊಟ್ರೇಶಿ ಅವಸರ ಮಾಡಿದ. ಗ್ವಾಡಿ ಮ್ಯಾಲೆ ಬರದೈತಲ್ಲ ಅಂತ ಪಿಸ್ಟನ್ ಮುಟ್ಟಿ ನೋಡ್ಲಿಲ್ಲ. ಯಾರಿಗೂ ಹೇಳ್ಬ್ಯಾಡ್ರಿ ಮತ್ತೆ.”

“ಏನನ್ನ ಹೇಳ್ಬ್ಯಾಡ್ರಿ?” ಎನ್ನುತ್ತ ಗೌರಮ್ಮ ಬಾಗಿಲಿಗೆ ಬಂದರು. ಅಲ್ಲಿಗೆ ಆ ಗುಟ್ಟಿನ ಆಯುಷ್ಯ ಮುಗಿಯಿತು.

ಮರುದಿನ ಎಂಟರ ಬಸ್ಸಿಗೆ ರುದ್ರಣ್ಣ ಬಂದರು. ಹೊಸ ಜೆಟ್ಟು, ಟಿ ಪಿಸ್ಟನ್ನುಗಳು ಬಂದವು. ಆರನ್ನೂ ಒಂದೊಂದಾಗಿ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿ ಕೊಟ್ಟರಂತೆ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಕೊಟ್ರೇಶಿ ಮೆಕ್ಕೆಜೋಳ ತುಂಬಲು ಹೊರಟವನು ಗೇರು ಹಾಕುವ ಮುಂಚೆ, “ಒಂದಕ್ಷರಕ್ಕೆ ಇಷ್ಟೊಂದು ಕಾಟ ಏನ್ರಿ?” ಎಂದನಂತೆ. ನಾನು ಹೊಸ ಪಟ್ಟಿ ಬರೆದುಕೊಟ್ಟೆ. ಸಾಲುಗಳೆಲ್ಲ ಇದ್ದವು, ಬಳ್ಳಿ ಇರಲಿಲ್ಲ. ತಿಳಿಯದ ಕಡೆಯೆಲ್ಲ ರುದ್ರಣ್ಣನನ್ನು ಕೇಳಿಯೇ ಬರೆದೆ. ಒಟ್ಟು ಹದಿನಾಲ್ಕು ಕಡೆ ತಿಳಿಯಲಿಲ್ಲ.

ಆಮೇಲೆ ಗೌರಮ್ಮ ಗಂಡನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ಮೇಲೆ ಮೊದಲ ಸಲ ಬಸ್ಸು ಹತ್ತಿದ ರುದ್ರಣ್ಣ, ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತ ಕೂತರು. ಕಂಡಕ್ಟರನ ಬಿಲ್ಲೆಯ ನಂಬರನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

“ಅಕ್ಕೋರೇ, ಒಂದು ಮಾತು ಹೇಳಿದ್ರೆ ಬ್ಯಾಸರ ಮಾಡ್ಕಬಾರ್ದು.”

“ಹೇಳ್ರಿ.”

“ನಿಮಗೂ ಇಷ್ಟು ವಯಸ್ಸಾಗೈತೆ ಅಂತ ನನಗೆ ಗೊತ್ತೇ ಇರ್ಲಿಲ್ಲ.”

ಕಣ್ಣು ಕಂಡ ಮನುಷ್ಯ ಕಂಡದ್ದನ್ನು ಹೇಳಿದ್ದಾನೆ, ಬೇಸರ ಮಾಡಿಕೊಳ್ಳುವುದಕ್ಕೆ ಏನಿದೆ? ನಾನು ಬೇಸರ ಮಾಡಿಕೊಳ್ಳಲಿಲ್ಲ. ಹರಿಹರ ಬರುವವರೆಗೆ ಸ್ವಲ್ಪ ಮಾಡಿಕೊಂಡೆ, ಅಷ್ಟೇ.